ಬೂದಕ್ಕನ ಕಿಟಕಿ

ಮಾರಾಟದವನು ಬ್ಯಾಗಿನಿಂದ ತೆಗೆದ ಮಾದರಿ ಪ್ರಿಂಟಿನಲ್ಲಿ ಈ ಸಲವೂ ಗಿಳಿಯೇ ಇತ್ತು. ಒಂದು ಕೆಂಪು ಗಿಳಿ, ಪಕ್ಕದಲ್ಲೊಂದು ಹಸಿರು ಗಿಳಿ, ಹಿಂದೆ ಯಾವ ಆಕಾಶಕ್ಕೂ ಇರಲಾರದಷ್ಟು ನೀಲಿ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವಳ ಹಾಗೆ ಬೂದಕ್ಕ ಅದನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿದಳು.

"ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ. ನಿಮ್ಮ ಕಂಪನಿ ಗಿಳಿಗೆ ಇನ್ನೂ ಮುಪ್ಪು ಬಂದಿಲ್ವಲ್ಲ!"

"ಬಣ್ಣ ನೋಡಿ ಮೇಡಂ. ಹನ್ನೆರಡು ಇಂಕು. ನೂರು ವರ್ಷ ಮಾಸಲ್ಲ ಅಂತ ಲ್ಯಾಬ್ ಸರ್ಟಿಫಿಕೇಟ್ ಇದೆ."

"ನಿಮಗೀಗ ಎಷ್ಟು ವಯಸ್ಸು?"

"ಮೂವತ್ತೊಂದು, ಮೇಡಂ."

"ನೂರನೇ ವರ್ಷದಲ್ಲಿ ಮಾಸಿದ್ರೆ ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ?"

ಮಾರಾಟದವನು ನಕ್ಕ. ಎಲ್ಲಿ ಹೋದರೂ ನಗುವುದು ಅವನ ಕೆಲಸದ ಒಂದು ಭಾಗವಾಗಿತ್ತು. ಬೂದಕ್ಕ ನಗಲಿಲ್ಲ. ಮೇಜಿನ ಡ್ರಾಯರಿನಿಂದ ಒಂದು ಚಿತ್ರ ತೆಗೆದು ಅವನ ಮುಂದಿಟ್ಟಳು. ಬಿಳಿ ಗೋಡೆಗೆ ಒರಗಿ ನಿಂತ ಮುದುಕ, ಮೈಮೇಲೆ ಬಿಳಿ ಅಂಗಿ. ಬಣ್ಣವೆಂಬುದು ಹೆಸರಿಗೂ ಇಲ್ಲ.

"ನಿಮ್ಮ ಮೆಷಿನ್‌ನಲ್ಲಿ ಇದನ್ನ ಪ್ರಿಂಟ್ ಮಾಡ್ಕೊಂಡು ಬನ್ನಿ. ಗಿಳಿ ಯಾರು ಬೇಕಾದ್ರೂ ಮಾಡ್ತಾರೆ. ಅಂಗಿ ಯಾವುದು, ಗೋಡೆ ಯಾವುದು ಅಂತ ಗೊತ್ತಾಗ್ಬೇಕು. ಟ್ಯೂಬ್‌ಲೈಟಲ್ಲಿ ಬೂದು ಕಂಡಿದ್ದು ಕಿಟಕಿ ಹತ್ರ ಹೋದ ತಕ್ಷಣ ಹಸಿರಾಗಬಾರದು. ಆಮೇಲೆ ಮಾತಾಡೋಣ."

ಹೀಗೆ ಬೂದು, ಬೂದು ಎಂದು ಎಲ್ಲರ ಜೀವ ತಿನ್ನುತ್ತಿದ್ದುದರಿಂದಲೇ ಅವಳಿಗೆ ಬೂದಕ್ಕ ಎಂಬ ಹೆಸರು ಬಂದಿತ್ತು. ನಿಜವಾದ ಹೆಸರು ಅಂಗಡಿಯ ಪರವಾನಗಿಯಲ್ಲಿ ಮಾತ್ರ ಉಳಿದಿತ್ತು. ಅಂಗಡಿಯ ಮುಂಭಾಗ ತಮ್ಮನದು. ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಶನ್, ಕಾಫಿ ಮಗ್ಗಿನ ಮೇಲೆ ಮಕ್ಕಳ ಮುಖ. ಪರದೆಯ ಆಚೆ ಅವಳ ಕೋಣೆ. ಅಲ್ಲಿ ಗೋಡೆಗೆಲ್ಲ ಬೂದು ಬಣ್ಣವೇ ಬಳಿದಿತ್ತು, ಏಕೆಂದರೆ ಬೇರೆ ಯಾವ ಬಣ್ಣದ ಗೋಡೆಯೂ ಪ್ರಿಂಟಿನ ಮೇಲೆ ತನ್ನ ಛಾಯೆ ಚೆಲ್ಲುತ್ತದೆ ಎಂದು ಅವಳ ವಾದ. ಅವಳು ಉಡುತ್ತಿದ್ದುದೂ ಅದೇ ಬಣ್ಣ. ಕೋಣೆಯ ಮಧ್ಯದಲ್ಲಿ ಊಟದ ಮೇಜಿನಷ್ಟು ಅಗಲದ ಹಳೆಯ ಪ್ರಿಂಟರ್ ಇತ್ತು. ಅದಕ್ಕೆ ಕಂಪನಿಯ ಇಂಕು ಹಾಕುವುದನ್ನು ಅವಳು ಎಂದೋ ನಿಲ್ಲಿಸಿದ್ದಳು. ಹನ್ನೊಂದು ವರ್ಷದಿಂದ ಒಬ್ಬ ಮುದುಕ ರಸಾಯನಶಾಸ್ತ್ರಜ್ಞನ ಸಣ್ಣ ಕಾರ್ಖಾನೆಯಿಂದ ಬಾಟಲಿ ತರಿಸುತ್ತಿದ್ದಳು. ಕರಿಯಿಂದ ತಿಳಿಬೂದಿನವರೆಗೆ ಏಳು ಬಾಟಲಿ, ಏಳೂ ಶುದ್ಧ ಇಂಗಾಲದ ಪುಡಿಯವು. ನೀರಲ್ಲಿ ಕರಗಿದ ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ. ಕಣಕಣವಾಗಿ ಕಾಗದದ ಮೇಲೆ ಕೂತ ಇಂಗಾಲ ಕೂತಲ್ಲೇ ಕೂತಿರುತ್ತದೆ. ಬಂದ ಗಿರಾಕಿಗಳಿಗೆಲ್ಲ ಅವಳು ಈ ಪಾಠ ಮಾಡುತ್ತಿದ್ದಳು. ಪಾಠದ ಕೊನೆಯಲ್ಲಿ, ಇಷ್ಟು ದಿನ ಬೇರೆ ಕಡೆ ಪ್ರಿಂಟ್ ಹಾಕಿಸಿದ ತಪ್ಪಿಗೆ ಗಿರಾಕಿ ತಲೆ ತಗ್ಗಿಸಿಕೊಂಡೇ ಹೊರಗೆ ಹೋಗಬೇಕಿತ್ತು.

ಅವಳ ತಿರಸ್ಕಾರಕ್ಕೆ ಜಾತಿಭೇದವಿರಲಿಲ್ಲ. ಹೊಳೆಯುವ ಕಾಗದ ಕೇಳುವವರು, ಫೋನಿನಲ್ಲಿ ತೆಗೆದದ್ದನ್ನು ಗೋಡೆಯಷ್ಟು ದೊಡ್ಡದು ಮಾಡಿಕೊಡಿ ಎನ್ನುವವರು, "ಸ್ವಲ್ಪ ಬೆಳ್ಳಗೆ ಮಾಡಿ" ಎನ್ನುವವರು, ಇಂಕು ಉಳಿಸಲು ಪ್ರಿಂಟರಿನ ಸ್ವಿಚ್ಚು ಆರಿಸಿಟ್ಟು ಆಮೇಲೆ ಇಂಕು ಚಿಮ್ಮುವ ಹೆಡ್ ಕಟ್ಟಿಕೊಂಡಿದೆ ಎಂದು ಅಳುವವರು, ಎಲ್ಲರಿಗೂ ಸಮಪಾಲು. ಸಿಂಹಪಾಲು ಮಾತ್ರ ಒಬ್ಬನಿಗೆ ಮೀಸಲಾಗಿತ್ತು. ಅವನು ಅವಳ ಮಾಜಿ ಗಂಡ.

ಅವನನ್ನು ಅವಳು ಮಹಾಶಯ ಎನ್ನುತ್ತಿದ್ದಳು. ಊರಿನ ದೊಡ್ಡ ಛಾಯಾಗ್ರಾಹಕ. ಹತ್ತೊಂಬತ್ತು ವರ್ಷ ಅವನು ಫೋಟೊ ತೆಗೆದ, ಅವಳು ಕತ್ತಲ ಕೋಣೆಯಲ್ಲಿ ನಿಂತು ಪ್ರಿಂಟು ಮಾಡಿದಳು. ಅವನು ನೆಗೆಟಿವ್‌ನಲ್ಲಿ ಸುಟ್ಟು ಕರಕಲು ಮಾಡಿ ತಂದ ಆಕಾಶಕ್ಕೆ ಅವಳು, ಉಳಿದ ಭಾಗಕ್ಕೆ ಅಂಗೈ ಅಡ್ಡ ಹಿಡಿದು, ಹೆಚ್ಚು ಬೆಳಕು ಬಿಟ್ಟು, ಮೋಡ ಹುಟ್ಟಿಸುತ್ತಿದ್ದಳು. ಮೋಡಕ್ಕೆ ಅವನಿಗೆ ಪ್ರಶಸ್ತಿ ಬರುತ್ತಿತ್ತು. ಮದುವೆ ಹೇಗೆ ಮುರಿಯಿತೆಂದು ಯಾರಾದರೂ ಕೇಳಿದರೆ, "ಅವನಿಗೆ ಹೊಗಳೋ ಹೆಂಡತಿ ಬೇಕಿತ್ತು, ನನಗೆ ಫೋಕಸ್ ಮಾಡೋಕೆ ಬರೋ ಗಂಡ ಬೇಕಿತ್ತು," ಎಂದಷ್ಟೇ ಹೇಳುತ್ತಿದ್ದಳು. ಮದುವೆಯಾಗಿದ್ದಷ್ಟು ದಿನ 'ರೀ' ಎಂದು ಕರೆದವಳು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ದಿನದಿಂದ ಏಕವಚನಕ್ಕೆ ಇಳಿದಳು. ತನಗೆ ಸಿಕ್ಕ ಜೀವನಾಂಶ ಅದೊಂದೇ ಎಂದು ಅವಳೇ ನಗೆಯಾಡುತ್ತಿದ್ದಳು. ಹಾಗಿದ್ದೂ ಅವನ ಪ್ರಿಂಟುಗಳು ಈಗಲೂ ಅವಳ ಕೋಣೆಯಲ್ಲೇ ಆಗುತ್ತಿದ್ದವು. ಅವಳಷ್ಟು ಚೆನ್ನಾಗಿ ಮಾಡುವವರು ಊರಲ್ಲಿ ಬೇರೆ ಇರಲಿಲ್ಲ, ಅವನಿಗೂ ಅದು ಗೊತ್ತಿತ್ತು. ಅವನು ಮಾರುವ ಒಂದೊಂದು ಪ್ರಿಂಟಿನ ಜೊತೆ 'ಇನ್ನೂರು ವರ್ಷ ಬಾಳುವಂಥದ್ದು' ಎಂಬ ಪ್ರಮಾಣಪತ್ರ ಹೋಗುತ್ತಿತ್ತು. ಅದರಲ್ಲಿ ಅವನ ಸಹಿ ದೊಡ್ಡದಾಗಿ, ಅವಳ ಸಹಿ ಕೆಳಗೆ ಚಿಕ್ಕದಾಗಿ ಇರುತ್ತಿತ್ತು.

ಈಗ ಅವರಿಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ್ದು ನಗರದ ವಸ್ತುಸಂಗ್ರಹಾಲಯ. ಮುಚ್ಚಿಹೋದ ಹತ್ತಿ ಗಿರಣಿಯ ನೆಲಮಾಳಿಗೆಯಲ್ಲಿ ಇನ್ನೂರ ಹನ್ನೆರಡು ಗಾಜಿನ ನೆಗೆಟಿವ್ ಸಿಕ್ಕಿದ್ದವು. ನೂರು ವರ್ಷದ ಹಿಂದೆ ಗಿರಣಿಗೆ ಕೆಲಸಕ್ಕೆ ಸೇರಿದ ಹೆಂಗಸರ ಮುಖಗಳು. ಎಲ್ಲರೂ ಬಿಳಿಯ ಮೇಲಂಗಿ ತೊಟ್ಟು, ಸುಣ್ಣದ ಗೋಡೆಯ ಮುಂದೆ, ಕೈಯಲ್ಲಿ ನಂಬರಿನ ಹಲಗೆ ಹಿಡಿದು ನಿಂತಿದ್ದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಇನ್ನೂ ಊರಲ್ಲಿದ್ದರು. ಆ ಮುಖಗಳನ್ನು ಪ್ರಿಂಟು ಮಾಡಿ ಒಂದು ಹಜಾರದಲ್ಲಿ ಶಾಶ್ವತವಾಗಿ ತೂಗುಹಾಕಬೇಕು, ಅದಕ್ಕಾಗಿ ಸಂಗ್ರಹಾಲಯ ತನ್ನದೇ ಪ್ರಿಂಟರ್ ಕೊಳ್ಳಬೇಕು. ಯಾವ ಪ್ರಿಂಟರ್, ಯಾವ ಇಂಕು, ಯಾವ ಕಾಗದ ಎಂದು ಹೇಳಲು ನಿರ್ದೇಶಕಿ ಇಬ್ಬರನ್ನು ಕರೆದಿದ್ದಳು.

ಮೊದಲ ಸಭೆಯಲ್ಲಿ ಮಹಾಶಯ ಹತ್ತು ನಿಮಿಷ 'ನೆನಪು' ಎಂಬ ವಿಷಯದ ಮೇಲೆ ಮಾತಾಡಿದ. ಆಮೇಲೆ ಗಿಳಿ ಕಂಪನಿಯ ಮೆಷಿನ್ನೇ ಆಗಬಹುದು ಎಂದ. ಆ ಕಂಪನಿಯ ಕರಪತ್ರದ ಎರಡನೆಯ ಪುಟದಲ್ಲಿ ಗಡ್ಡಕ್ಕೆ ಕೈಯಿಟ್ಟುಕೊಂಡು ಕೂತಿದ್ದವನು ಅವನೇ.

"ಕಾರಣ?" ಎಂದಳು ಬೂದಕ್ಕ.

"ನನ್ನ ಅನುಭವ."

"ನಿನ್ನ ಅನುಭವವನ್ನ ಹನ್ನೊಂದು ವರ್ಷದಿಂದ ನನ್ನ ಮೆಷಿನ್ ಪ್ರಿಂಟ್ ಮಾಡ್ತಿದೆ. ಇವರದ್ದನ್ನ ನೀನು ಸ್ವಿಚ್ ಹಾಕಿಯಾದ್ರೂ ನೋಡಿದ್ದೀಯಾ?"

ನಿರ್ದೇಶಕಿ ಕೆಮ್ಮಿದಳು. ತಾನು ಪರೀಕ್ಷೆ ಮಾಡಿಯೇ ಹೇಳುತ್ತೇನೆ, ಬೇಸಿಗೆಯ ನಾಲ್ಕು ತಿಂಗಳು ಬೇಕು ಎಂದು ಬೂದಕ್ಕ ಹೇಳಿದಳು. ಪರೀಕ್ಷೆ ಸರಳವಾಗಿತ್ತು. ಒಂದೇ ಚಿತ್ರ, ಎಂಬತ್ತೆಂಟನೇ ನಂಬರಿನ ಹೆಂಗಸು, ಪಕ್ಕದಲ್ಲಿ ಕರಿಯಿಂದ ಬಿಳಿಯವರೆಗೆ ಬೂದಿನ ಮೆಟ್ಟಿಲು. ಅದನ್ನು ಬೇರೆ ಬೇರೆ ಮೆಷಿನ್ನಲ್ಲಿ, ಬೇರೆ ಬೇರೆ ಇಂಕಲ್ಲಿ ಪ್ರಿಂಟು ಮಾಡುವುದು. ಪ್ರತಿ ಪಟ್ಟಿಯ ಅರ್ಧವನ್ನು ಕಪ್ಪು ರಟ್ಟಿನಿಂದ ಮುಚ್ಚಿ ಪಡುವಣ ಕಿಟಕಿಯ ಗಾಜಿಗೆ ಅಂಟಿಸುವುದು. ನಾಲ್ಕು ತಿಂಗಳಾದ ಮೇಲೆ ರಟ್ಟು ತೆಗೆದು, ಬಿಸಿಲು ತಿಂದ ಅರ್ಧ, ತಿನ್ನದ ಅರ್ಧ ಎರಡನ್ನೂ ನೋಡುವುದು. ಕಾಗದ ಆರಿಸಲು ಅವಳಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಪುಟ್ಟ ಟಾರ್ಚನ್ನು ಒಂದೊಂದರ ಮೇಲೂ ಬಿಟ್ಟಳು. ನೀಲಿಯಾಗಿ ಮಿಂಚಿದ್ದೆಲ್ಲ ಬೆಳ್ಳಗೆ ಕಾಣಲು ರಾಸಾಯನಿಕ ಬೆರೆಸಿದ ಕಾಗದ, ಕೆಲವೇ ವರ್ಷದಲ್ಲಿ ಹಳದಿಯಾಗುವಂಥದ್ದು. ಅವನ್ನು ತಮ್ಮನ ಕಡೆ ಎಸೆದು, "ಇವುಗಳಲ್ಲಿ ಮಗ್ಗಿನ ರಶೀದಿ ಬರಿ," ಎಂದಳು. ಮಂಕಾಗಿಯೇ ಉಳಿದ ಒಂದು ಹತ್ತಿ ಕಾಗದ ಮಾತ್ರ ಗೆದ್ದಿತು.

ಪಟ್ಟಿಗಳು ಐದಾದವು. ಆರನೆಯದನ್ನು ಅವಳು ತನ್ನ ಹಳೆಯ ಪ್ರಿಂಟರಿನಲ್ಲಿ, ತನ್ನ ಏಳು ಬಾಟಲಿ ಬೂದಿನಲ್ಲಿ ಮಾಡಿದಳು.

"ಇದು ಸ್ಪರ್ಧೆಗಲ್ಲ," ಎಂದು ತಮ್ಮನಿಗೆ ಹೇಳಿದಳು. "ಉಳಿದವು ಎಷ್ಟು ಕೆಟ್ಟಿವೆ ಅಂತ ಅಳೆಯೋಕೆ ಒಂದು ಅಳತೆಗೋಲು ಬೇಕಲ್ಲ, ಅದಕ್ಕೆ. ನೀನು ಹಿಂದ್ಗಡೆ ಬರೀ ನಂಬರ್ ಹಾಕಿ ಕಲಸಿಬಿಡು. ಯಾವುದು ಯಾವುದು ಅಂತ ಬರೆದ ಚೀಟಿ ನಿನ್ನ ಹತ್ರಾನೇ ಇರಲಿ. ನಾಳೆ ಆ ಮಹಾಶಯ, ಇವಳು ಮೊದಲೇ ನೋಡ್ಕೊಂಡು ಹೇಳಿದಳು ಅನ್ನಬಾರದು."

"ಭಾವ ಹಾಗೆಲ್ಲ ಹೇಳಲ್ಲ ಅಕ್ಕ."

"ಅವನನ್ನ ಭಾವ ಅನ್ಬೇಡ ಅಂತ ಎಷ್ಟು ಸಲ ಹೇಳಿದ್ದೀನಿ?"

"ಬಾಯಿಗೆ ಬಂದ್ಬಿಡುತ್ತೆ ಅಕ್ಕ. ಹತ್ತೊಂಬತ್ತು ವರ್ಷದ ಅಭ್ಯಾಸ."

ಬೇಸಿಗೆ ಕಳೆಯಿತು. ಆರೂ ಪಟ್ಟಿಗಳು ದಿನಾ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಕುಡಿದವು. ರಟ್ಟು ತೆಗೆಯುವ ದಿನ ಬೂದಕ್ಕ ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿ, ಕಿಟಕಿಯ ಬೆಳಕು ಸಮನಾಗಿ ಬೀಳುವಂತೆ ಸರಿಸಿದಳು. ಒಂದು, ಮೂರು, ಐದು ಅಷ್ಟಿಷ್ಟು ಸೋತಿದ್ದವು. ಆರು ಪರವಾಗಿಲ್ಲ. ಎರಡನೆಯದರಲ್ಲಿ ಮುಚ್ಚಿದ ಅರ್ಧ, ತೆರೆದ ಅರ್ಧ ಎಲ್ಲಿ ಸೇರುತ್ತವೆಂದು ಅವಳು ಭೂತಗನ್ನಡಿ ಹಿಡಿದರೂ ಗೆರೆ ಸಿಗಲಿಲ್ಲ. ನಾಲ್ಕನೆಯದರ ಮೇಲೆ ಕಣ್ಣು ಬಿದ್ದದ್ದೇ ಅವಳು ಜೋರಾಗಿ ನಕ್ಕಳು. ಹೆಂಗಸಿನ ಮೇಲಂಗಿ ಪಾಚಿ ಕಟ್ಟಿದಂತಾಗಿತ್ತು. ನಡುವಿನ ಬೂದುಗಳೆಲ್ಲ ಹಸಿರಿಗೆ ತಿರುಗಿದ್ದವು, ತಿಳಿಯ ಬೂದು ಕದಡಿದ ಟೀ ಬಣ್ಣಕ್ಕೆ ಬಂದಿತ್ತು.

"ಬಾರೋ ಇಲ್ಲಿ, ನಿನ್ನ ಭಾವನ ಅನುಭವ ನೋಡು ಬಾ! ನೂರು ವರ್ಷವಂತೆ! ನಾಲ್ಕು ತಿಂಗಳಿಗೆ ಈ ಹೆಂಗಸಿಗೆ ಕಾಮಾಲೆ ಬಂದಿದೆ. ಇದಕ್ಕೆ ಲ್ಯಾಬ್ ಸರ್ಟಿಫಿಕೇಟ್ ಬೇರೆ ಕೇಡು. ಈ ಇಂಕು ಮಾಡಿದವನನ್ನ ಅದೇ ಇಂಕಲ್ಲಿ ಮುಳುಗಿಸಿ ಕಿಟಕಿಗೆ ಅಂಟಿಸಬೇಕು. ಇದನ್ನ ಕೊಂಡವರಿಗಾದ್ರೂ ಕಣ್ಣಿರಲಿಲ್ವಾ?"

ತಮ್ಮ ತಾನು ಮುಚ್ಚಿಟ್ಟಿದ್ದ ಲಕೋಟೆ ಒಡೆದು ಚೀಟಿ ಬಿಡಿಸಿದ. ಓದಿದ. ಮತ್ತೊಮ್ಮೆ ಓದಿದ.

"ಯಾಕೋ ಬಾಯಿ ಕಟ್ತು?"

"ಅಕ್ಕ, ಎರಡನೇದು ಗಿಳಿ ಕಂಪನೀದು."

"ಇರ್ಲಿ. ಕುರುಡು ಅದೃಷ್ಟ. ನಾಲ್ಕು?"

"ನಾಲ್ಕು... ನಮ್ಮದು."

ಬೂದಕ್ಕ ಚೀಟಿ ಕಿತ್ತುಕೊಂಡಳು. ನೀನೇ ಕಲಸುವಾಗ ತಪ್ಪು ಬರೆದಿದ್ದೀಯ ಎಂದಳು, ನಿನಗೆ ಚಿಕ್ಕಂದಿನಿಂದಲೂ ನಾಲ್ಕಕ್ಕೂ ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂದಳು, ಹೇಳಬಾರದ ಇನ್ನೂ ಎರಡು ಮಾತು ಅಂದಳು. ತಮ್ಮ ಎಲ್ಲವನ್ನೂ ಕೇಳಿಸಿಕೊಂಡ. ಮಾತು ಮುಗಿದ ಮೇಲೆ ಅವಳು ಹೋಗಿ ಭೂತಗನ್ನಡಿಯಲ್ಲಿ ಇಂಕಿನ ಚುಕ್ಕೆಗಳನ್ನು ನೋಡಿದಳು. ಅವಳ ಹಳೆಯ ಪ್ರಿಂಟರ್ ಚುಕ್ಕೆ ಇಡುವ ರೀತಿ ಅವಳಿಗೆ ತನ್ನ ಕೈಬರಹದಷ್ಟೇ ಪರಿಚಯ. ತಮ್ಮ ತಪ್ಪು ಬರೆದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಈ ಇಂಕು ಮೊದಲ ಸಲ ಬಂದಾಗ, ಇದೇ ಪರೀಕ್ಷೆ ಮಾಡಿದ್ದಳು. ಆ ಪಟ್ಟಿ ಕಪಾಟಿನಲ್ಲಿ ಇನ್ನೂ ಇತ್ತು. ತೆಗೆದು ನೋಡಿದಳು. ಬೂದು ಬೂದಾಗಿಯೇ ಇತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅವಳು ಇಂಕಿನ ಕಾರ್ಖಾನೆಗೆ ಫೋನು ಹಚ್ಚಿದಳು. ಆ ಕಡೆಯಿಂದ ಹೊಸ ದನಿಯೊಂದು ಬಲು ಮರ್ಯಾದೆಯಿಂದ ಮಾತಾಡಿತು. ಹಳೆಯ ಯಜಮಾನರು ಐದು ವರ್ಷದ ಹಿಂದೆ ಕಾರ್ಖಾನೆ ಕೊಟ್ಟು ಹೋದರು, ಮೇಡಂ. ಹೆಸರು, ಲೇಬಲ್ಲು ಅದೇ ಇಟ್ಟುಕೊಂಡಿದ್ದೇವೆ. ಸೂತ್ರ ಮಾತ್ರ ಸ್ವಲ್ಪ ಸುಧಾರಿಸಿದ್ದೇವೆ. ಬರೀ ಇಂಗಾಲ ಹಾಕಿದರೆ ಕಂದು ಛಾಯೆ ಬರುತ್ತದೆಂದು ಜನ ಗೊಣಗುತ್ತಿದ್ದರಲ್ಲ, ಅದನ್ನು ಸರಿದೂಗಿಸಲು ಸ್ವಲ್ಪ ಬಣ್ಣ ಬೆರೆಸುತ್ತೇವೆ.

"ಬೆರೆಸೋದು ಪುಡಿ ಬಣ್ಣಾನಾ, ಕರಗೋ ಬಣ್ಣಾನಾ?"

"ಕರಗೋದು ಮೇಡಂ."

"ಐದು ವರ್ಷದಿಂದ! ಒಂದು ಮಾತು ಹೇಳಬಾರದಿತ್ತಾ?"

"ಯಾರೂ ಕೇಳ್ಲಿಲ್ಲ ಮೇಡಂ."

ಫೋನಿಟ್ಟ ಮೇಲೆ ಅವಳು ಬಾಟಲಿಯೊಂದನ್ನು ಎತ್ತಿ ಅದರ ಲೇಬಲ್ಲು ಓದಿದಳು. ಲೇಬಲ್ಲು ನಂಬುವ ಜನರನ್ನು ಕಂಡು ಜೀವಮಾನವಿಡೀ ಮೂಗು ಮುರಿದವಳು ಐದು ವರ್ಷ ತಾನೂ ಲೇಬಲ್ಲನ್ನೇ ನಂಬಿದ್ದಳು. ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಐದು ವರ್ಷದಿಂದ ಪ್ರಿಂಟು ಕಂದು ಛಾಯೆಯಿಲ್ಲದ, ಬಹಳ ತಣ್ಣಗಿನ ಬೂದಾಗಿ ಬರುತ್ತಿದೆ ಎಂದು ತಾನೇ ಖುಷಿಪಟ್ಟದ್ದು ಅವಳಿಗೆ ನೆನಪಾಯಿತು. ತನ್ನ ಕೈಗುಣ ಹೆಚ್ಚಿತೆಂದು ತಿಳಿದಿದ್ದಳು.

ತಮ್ಮ ಮೆತ್ತಗೆ ಬಂದು ನಿಂತ. "ಅಕ್ಕ, ನಮ್ಮದು ಸ್ಪರ್ಧೇಲೇ ಇರಲಿಲ್ವಲ್ಲ. ಐದೇ ಪಟ್ಟಿ ತಗೊಂಡು ಹೋಗು. ಎರಡನೇದು ಚೆನ್ನಾಗಿದೆ ಅನ್ನು, ಮುಗೀತು. ಇವತ್ತಿಂದ ಬೇರೆ ಇಂಕು ತರಿಸೋಣ. ಯಾರಿಗೆ ಗೊತ್ತಾಗುತ್ತೆ?"

ಎರಡು ದಿನ ಬಿಟ್ಟು ಸಭೆಗೆ ಹೋಗುವಾಗ ಐದು ಪಟ್ಟಿಗಳು ಫೈಲಿನಲ್ಲಿದ್ದವು, ನಾಲ್ಕನೆಯದು ಕೈಚೀಲದಲ್ಲಿತ್ತು.

ಸಭೆಯಲ್ಲಿ ಅವಳು ಫೈಲು ಬಿಚ್ಚುವ ಮುಂಚೆಯೇ ಮಹಾಶಯ ಶುರು ಮಾಡಿದ. "ಕಿಟಕಿಗೆ ಕಾಗದ ಅಂಟಿಸೋದನ್ನ ನಾನು ವಿಜ್ಞಾನ ಅಂತ ಒಪ್ಪಲ್ಲ. ಆದರೂ ನೋಡೋಣ, ಪಾಪ, ಶ್ರಮ ಪಟ್ಟಿದ್ದಾರೆ."

ಅವಳು ಐದನ್ನೂ ಹಾಸಿದಳು. ಎರಡನೆಯದನ್ನು ಮುಂದೆ ತಳ್ಳಿ, ಗಿಳಿ ಕಂಪನಿಯ ಮೆಷಿನ್ನೇ ಎಲ್ಲಕ್ಕಿಂತ ಚೆನ್ನಾಗಿ ಉಳಿದಿದೆ, ಇದರಲ್ಲಿ ತನ್ನ ತಕರಾರಿಲ್ಲ ಎಂದಳು. ಆ ವಾಕ್ಯ ಹೇಳುವಾಗ ಅವಳ ಹಲ್ಲು ಜುಮ್ಮೆಂದಿತು. ಮಹಾಶಯನ ಮುಖ ಅರಳಿತು. ಅವನು ಪಟ್ಟಿಗಳ ಕಡೆ ಬಗ್ಗಲೂ ಇಲ್ಲ, ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ನಾನು ಮೊದಲೇ ಹೇಳಿರಲಿಲ್ವಾ? ಈ ಕ್ಷೇತ್ರದಲ್ಲಿ ನಲವತ್ತು ವರ್ಷ ಇದ್ದವನಿಗೆ ನೋಡಬೇಕಾಗೇ ಇಲ್ಲ. ಗೊತ್ತಾಗಿಬಿಡುತ್ತೆ."

ನೋಡಬೇಕಾಗಿಲ್ಲ, ಗೊತ್ತಾಗಿಬಿಡುತ್ತೆ. ಬೂದಕ್ಕ ಅವನ ಮುಖವನ್ನೇ ನೋಡಿದಳು. ಐದು ವರ್ಷ ತಾನು ಬಾಟಲಿಯ ಮುಚ್ಚಳ ತೆಗೆಯುವಾಗಲೆಲ್ಲ ಕನ್ನಡಿ ಇಟ್ಟಿದ್ದರೆ ಅದರಲ್ಲಿ ಇದೇ ಮುಖ ಕಾಣುತ್ತಿತ್ತು. ಈ ಗಡ್ಡ ಮಾತ್ರ ಇರುತ್ತಿರಲಿಲ್ಲ. ಸತ್ಯ ಹೇಳಬೇಕೆಂಬ ದೊಡ್ಡ ಮನಸ್ಸು ಅವಳಿಗೆ ಆ ಗಳಿಗೆಯಲ್ಲಿ ಹುಟ್ಟಿತೆಂದರೆ ಸುಳ್ಳಾದೀತು. ಈ ಮನುಷ್ಯನ ಹಾಗೆ ಇರುವುದಕ್ಕಿಂತ ಮಾನ ಹೋದರೂ ಚಿಂತೆಯಿಲ್ಲ ಎಂಬ ಹೇಸಿಗೆ ಮಾತ್ರ ಹುಟ್ಟಿತು. ಅವಳು ಕೈಚೀಲದಿಂದ ನಾಲ್ಕನೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು.

"ಇನ್ನೊಂದಿದೆ."

ನಿರ್ದೇಶಕಿ ಎತ್ತಿ ನೋಡಿದಳು. "ಅಯ್ಯೋ, ಇದು ಯಾವ ಕಂಪನೀದು? ಇಷ್ಟೊಂದು ಕೆಟ್ಟದ್ದನ್ನೂ ಮಾರ್ತಾರಾ?"

"ಮಾರ್ತಾರೆ. ನಾನೇ ಮಾರಿದ್ದು. ಇದು ನನ್ನ ಇಂಕು." ಕಾರ್ಖಾನೆಯವರು ಸೂತ್ರ ಬದಲಾಯಿಸಿದ್ದನ್ನು ಎರಡೇ ಮಾತಲ್ಲಿ ಹೇಳಿದಳು. "ಬದಲಾಯಿಸಿದ್ದು ಅವರ ತಪ್ಪು. ಐದು ವರ್ಷ ನೋಡದೇ ಇದ್ದದ್ದು ನನ್ನದು. ನೀವು ಯಾವ ಮೆಷಿನ್ ತಗೊಂಡ್ರೂ ಹೊಸ ಇಂಕು ಬಂದಾಗೆಲ್ಲ ಒಂದು ಪಟ್ಟಿ ಕಿಟಕಿಗೆ ಹಾಕಿ. ನಾನು ಹೇಳಿದೆ ಅಂತ ನಂಬಬೇಡಿ. ಇವರು ಹೇಳಿದ್ರು ಅಂತಂತೂ ನಂಬಲೇಬೇಡಿ."

ಮಹಾಶಯ ಬಾಯಿ ತುಂಬ ನಕ್ಕ. ಇಂಥ ಸುದ್ದಿಗೆ ಅವನು ವರ್ಷಗಟ್ಟಲೆ ಕಾದಿದ್ದವನಂತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಒರಗಿದವನು ಅರ್ಧದಲ್ಲೇ ನಿಂತ. ನಗು ಮುಖದ ಮೇಲೆಯೇ ಉಳಿಯಿತು, ಆದರೆ ಅದರ ಕೆಳಗಿನ ಮುಖ ಬದಲಾಯಿತು. ಐದು ವರ್ಷದ ತನ್ನ ಪ್ರಿಂಟುಗಳು ಯಾವ ಇಂಕಿನವು ಎಂಬುದು ಅವನಿಗೆ ಆಗ ಹೊಳೆದಿತ್ತು.

ಸಭೆ ಮುಗಿದು ಹೊರಗೆ ಬಂದಾಗ ಅವನು ಕಾರಿಡಾರಿನಲ್ಲಿ ಅವಳನ್ನು ಅಡ್ಡಗಟ್ಟಿದ. "ಇದು ಇಲ್ಲಿಗೇ ಮುಗೀಬೇಕು. ಹೊರಗೆ ಹೋಗಬಾರದು."

"ನಿನ್ನ ಹತ್ರ ಕೊಂಡವರ ಹೆಸರು ಬರ್ಕೊಡು. ನಾನೇ ಫೋನ್ ಮಾಡಿ ಹೇಳ್ತೀನಿ. ಹೊಸದಾಗಿ ಪ್ರಿಂಟ್ ಮಾಡ್ಕೊಡೋಣ."

"ಹುಚ್ಚು ಹಿಡಿದಿದೆಯಾ ನಿನಗೆ? ಅವರ್ಯಾರೂ ಅದನ್ನ ನೋಡೋದೇ ಇಲ್ಲ. ಸೋಫಾ ಹಿಂದೆ ಹಾಕಿರ್ತಾರೆ. ಬಂದವರಿಗೆ ನನ್ನ ಹೆಸರು ಹೇಳ್ತಾರೆ, ಅಷ್ಟೇ. ಹಸಿರಾದ್ರೇನು, ನೀಲಿಯಾದ್ರೇನು?"

"ನಿನ್ನ ಫೋಟೊ ಬಗ್ಗೆ ನನಗಿಂತ ಕೀಳಾಗಿ ಮಾತಾಡೋನು ನೀನೊಬ್ಬನೇ ನೋಡು," ಎಂದು ಅವಳು ದಾರಿ ಬಿಡಿಸಿಕೊಂಡು ಹೊರಟಳು. ಇಷ್ಟು ವರ್ಷ ಅವನನ್ನು ಜಂಬದ ಮನುಷ್ಯನೆಂದು ಹೀಗಳೆದಿದ್ದಳು. ಅವನಿಗೆ ತನ್ನ ಕೆಲಸದ ಬಗ್ಗೆ ಆ ಜಂಬವೂ ಇರಲಿಲ್ಲವೆಂಬುದು ಅವಳಿಗೂ ಹೊಸ ಸುದ್ದಿ.

ಮರುದಿನ ಅವಳು ಕೆಲಸದ ರಿಜಿಸ್ಟರುಗಳನ್ನು ಇಳಿಸಿದಳು. ಐದು ವರ್ಷದಲ್ಲಿ ನೂರ ನಲವತ್ತಮೂರು ಗಿರಾಕಿಗಳು. ತಮ್ಮ ತಲೆಯ ಮೇಲೆ ಕೈಹೊತ್ತು ನಿಂತ.

"ಅಕ್ಕ, ಬಂದವರೆಲ್ಲ ಮುಖಕ್ಕೆ ಉಗೀತಾರೆ."

"ಉಗೀಲಿ. ನಾನು ಅವರಿಗೆ ಕಮ್ಮಿ ಉಗಿದಿದ್ದೀನಾ?"

ಹಳೆಯ ಪ್ರಿಂಟು ತನ್ನಿ, ಪರೀಕ್ಷೆಯಲ್ಲಿ ಗೆದ್ದ ಇಂಕಿನಲ್ಲಿ ಹೊಸದು ಮಾಡಿಕೊಡುತ್ತೇನೆ ಎಂದು ಬೆಳಿಗ್ಗೆ ಹತ್ತು, ಮಧ್ಯಾಹ್ನ ಹತ್ತು ಫೋನು ಮಾಡತೊಡಗಿದಳು. ಅಂಗಡಿ ಹೆಸರು ಹೇಳಿದ ಕೂಡಲೇ ಕೆಲವರು ಹೆದರಿದರು, ಮತ್ತೆ ಏನು ಬೈಯುತ್ತಾಳೋ ಎಂದು. ಒಬ್ಬ ಶಾಲಾ ಶಿಕ್ಷಕಿ, "ನಮ್ಮಮ್ಮನ ಮುಖ ಸ್ವಲ್ಪ ಹಸಿರಾಗಿದೆ, ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡಿದ್ದೆ. ನಿಮ್ಮನ್ನ ಕೇಳೋಕೆ ಭಯ ಆಯ್ತು," ಎಂದಳು. ಬೂದಕ್ಕನಿಗೆ ಬೈಗುಳಕ್ಕಿಂತ ಆ ಮಾತು ನಾಟಿತು. ಹಸಿರಾದದ್ದನ್ನು ಜನ ಕಂಡಿದ್ದರು. ತನ್ನ ನಾಲಿಗೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಒಬ್ಬರಾದರೂ ಬಂದು ಹೇಳಿದ್ದರೆ ಮೂರು ವರ್ಷದ ಹಿಂದೆಯೇ ಗೊತ್ತಾಗುತ್ತಿತ್ತು.

ಸಂಗ್ರಹಾಲಯಕ್ಕೆ ಮೆಷಿನ್ ಬಂತು. ಮಾರಾಟದವನೇ ಬಂದು ಜೋಡಿಸಿದ. ದಿನಕ್ಕೊಂದು ಪರೀಕ್ಷಾ ಪುಟವನ್ನಾದರೂ ಓಡಿಸಿ, ಸುಮ್ಮನೆ ಬಿಟ್ಟರೆ ಇಂಕು ಒಣಗಿ ಹೆಡ್ ಕಟ್ಟಿಕೊಳ್ಳುತ್ತದೆ ಎಂದು ಅವನು ಹೇಳಿಕೊಡುತ್ತಿದ್ದಾಗ ಬೂದಕ್ಕ ಅಡ್ಡ ಬಾಯಿ ಹಾಕದೆ ಕೇಳಿದಳು. ಮಾತು ನಿಲ್ಲಿಸಿ, ಎಲ್ಲಿ ತಪ್ಪು ಹೇಳಿದೆನೋ ಎಂದು ಅವನು ಅವಳ ಮುಖ ನೋಡಿದ.

"ಸರಿಯಾಗೇ ಹೇಳ್ತಿದ್ದೀರಿ. ಮುಂದುವರಿಸಿ," ಎಂದಳು.

ಎಂಬತ್ತು ದಿನಗಳಲ್ಲಿ ಇನ್ನೂರ ಹನ್ನೆರಡು ಹೆಂಗಸರನ್ನೂ ಅವಳೇ ನಿಂತು ಪ್ರಿಂಟು ಮಾಡಿದಳು. ಹೊಸ ಮೆಷಿನ್ ಅವಳ ಹಳೆಯದಕ್ಕಿಂತ ಚೆನ್ನಾಗಿತ್ತು. ಸುಣ್ಣದ ಗೋಡೆ, ಮೇಲಂಗಿ, ಅಂಗಿಗೆ ಅಂಟಿದ ಹತ್ತಿಯ ಎಳೆ, ಮೂರೂ ಬೇರೆ ಬೇರೆ ಬಿಳಿಯಾಗಿ ಕಂಡವು. ಇದನ್ನು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಮೊದಲ ನಲವತ್ತು ಹೆಂಗಸರು ಬೇಕಾದರು.

ಉದ್ಘಾಟನೆಯಲ್ಲಿ ಮಹಾಶಯ ಭಾಷಣ ಮಾಡಿದ. ಭಾಷಣದಲ್ಲಿ 'ನಾವು' ಎಂಬ ಪದ ಹನ್ನೆರಡು ಸಲ ಬಂತು, ಬೂದಕ್ಕನ ಹೆಸರು ಒಂದು ಸಲವೂ ಬರಲಿಲ್ಲ. ಹಜಾರದ ತುಂಬ ಜನ ತಮ್ಮ ಮುತ್ತಜ್ಜಿಯರನ್ನು ಹುಡುಕುತ್ತಿದ್ದರು. ಭಾಷಣದ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಒಬ್ಬಳು ಮಧ್ಯವಯಸ್ಸಿನ ನರ್ಸು ಎಂಬತ್ತೆಂಟನೇ ನಂಬರಿನ ಮುಂದೆ ನಿಂತು, "ಅಯ್ಯಯ್ಯೋ, ನನ್ನ ಕಿವಿ ನೋಡ್ರೀ, ನನ್ನದೇ ಕಿವಿ!" ಎಂದು ಕೂಗಿದಳು. ಆಮೇಲೆ ಒಬ್ಬ ಜವಳಿ ವ್ಯಾಪಾರಿ ಮಹಾಶಯನ ಹೆಗಲ ಮೇಲೆ ಕೈಹಾಕಿ ಬೂದಕ್ಕನ ಬಳಿ ಬಂದ. ತನ್ನ ಮನೆಯಲ್ಲೂ ಇವರದೊಂದು ದೊಡ್ಡ ಚಿತ್ರವಿದೆ, ಕಿಟಕಿಯ ಎದುರಿಗೇ ಹಾಕಿದ್ದೇನೆ, ಇನ್ನೂರು ವರ್ಷದ ಪ್ರಮಾಣಪತ್ರವಿದೆ, ಅದರಲ್ಲಿ ನಿಮ್ಮ ಸಹಿಯೂ ಇದೆಯಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಮಹಾಶಯ ಕಣ್ಣಲ್ಲೇ ಬೇಡ ಬೇಡ ಎಂದ.

"ಆ ಸಹಿ ಈಗ ಲೆಕ್ಕಕ್ಕಿಲ್ಲ ಯಜಮಾನರೇ," ಎಂದಳು ಬೂದಕ್ಕ. "ಚಿತ್ರ ಇಳಿಸಿ, ಚೌಕಟ್ಟಿನ ಅಂಚಿನ ಕೆಳಗೆ ಬಿಸಿಲು ಬೀಳದ ಜಾಗ ಇರುತ್ತಲ್ಲ, ಚೌಕಟ್ಟು ಬಿಚ್ಚಿ ಅದನ್ನ ಉಳಿದ ಭಾಗಕ್ಕೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡ್ರೆ ತನ್ನಿ. ನಾನು ಹೊಸದು ಮಾಡ್ಕೊಡ್ತೀನಿ. ಇವರು ಹೊಸ ಸಹಿ ಹಾಕ್ತಾರೋ ಇಲ್ವೋ ಇವರನ್ನೇ ಕೇಳಿ."

ವ್ಯಾಪಾರಿ ಮಹಾಶಯನ ಹೆಗಲಿಂದ ಕೈ ತೆಗೆದ. ಆ ವಾರದೊಳಗೆ ಮಹಾಶಯನ ಪ್ರಿಂಟುಗಳು ಒಂದೊಂದಾಗಿ ಅಂಗಡಿಗೆ ಬರತೊಡಗಿದವು. ಮಹಾಶಯ ಮಾತ್ರ ಬರಲಿಲ್ಲ. ಬೇರೆ ಊರಲ್ಲಿ ಬೇರೆ ಪ್ರಿಂಟಿನವರನ್ನು ಹುಡುಕಿಕೊಂಡನೆಂದು ತಮ್ಮನ ಮೂಲಕ ಗೊತ್ತಾಯಿತು.

ಫೋನಿಗೆ ಉತ್ತರ ಕೊಡದವರಲ್ಲಿ ಒಬ್ಬ ಹಲ್ಲಿನ ಡಾಕ್ಟರೂ ಇದ್ದ. ಅವನು ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚೌಕಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದ. ಅವನ ತೀರಿಹೋದ ಹೆಂಡತಿಯ ಚಿತ್ರ. ಮೇಜಿನ ಮೇಲಿಟ್ಟು, ಬೆಡ್‌ಶೀಟು ತೆಗೆದು, ಕೈಕಟ್ಟಿ ನಿಂತ. ಹೆಂಗಸಿನ ಕೆನ್ನೆ ಪಾಚಿಗಟ್ಟಿತ್ತು.

"ಆವತ್ತು ನೀವು ನನಗೆ ಅರ್ಧ ಗಂಟೆ ಪಾಠ ಮಾಡಿದ್ರಿ," ಎಂದ ಅವನು. "ಇದಕ್ಕಿಂತ ಮುಂಚೆ ಬೇರೆ ಕಡೆ ಪ್ರಿಂಟ್ ಹಾಕ್ಸಿದ್ದಕ್ಕೆ ನನ್ನನ್ನ ಪೆದ್ದ ಅಂದ್ರಿ."

"ಪೆದ್ದ ಅಂತ ಅಂದಿರಲಿಲ್ಲ."

"ಬಾಯಲ್ಲಿ ಅಂದಿರಲಿಲ್ಲ."

ಬೂದಕ್ಕನ ಬಾಯಲ್ಲಿ ನಾಲ್ಕೈದು ಉತ್ತರ ತಯಾರಿದ್ದವು. ಯಾವುದನ್ನೂ ಆಡಲಿಲ್ಲ. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎದುರಿಗಿರುವವರಿಂದ ಇನ್ನೇನೂ ನಿರೀಕ್ಷೆಯಿಲ್ಲವೆಂದು ತಿಳಿಸುವ ನೋಟ ಅದು. ಎಷ್ಟೋ ಜನರನ್ನು ಅವಳು ಹಾಗೆ ನೋಡಿದ್ದಳು. ನೋಡಿಸಿಕೊಂಡದ್ದು ಇದೇ ಮೊದಲು. ಅದು ಎಷ್ಟು ಹೊತ್ತಾದರೂ ಮೈಯಿಂದ ಇಳಿಯುವುದಿಲ್ಲವೆಂದು ಅವಳಿಗೆ ತಿಳಿಯಿತು.

"ತಪ್ಪಾಯ್ತು ಡಾಕ್ಟ್ರೇ," ಎಂದಳು. ಆ ಮಾತಿಗೆ ಅವಳ ಗಂಟಲು ಪಳಗಿರಲಿಲ್ಲ. "ಮೂಲ ಫೈಲು ನನ್ನ ಹತ್ರ ಇದೆ. ಇವತ್ತೇ ಮಾಡ್ತೀನಿ. ಒಂದು ದಿನ ಒಣಗಬೇಕು. ನಾಳೆ ಸಂಜೆ ಬನ್ನಿ."

"ಇದು ಎಷ್ಟು ವರ್ಷ ಇರುತ್ತೆ?"

ಅವಳು ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲ. ಈ ಇಂಕು ನನ್ನ ಕಿಟಕೀಲಿ ಈಗ ಒಂಬತ್ತು ತಿಂಗಳಾಯ್ತು. ಇಲ್ಲೀವರೆಗೆ ಏನೂ ಆಗಿಲ್ಲ. ನನಗೆ ಗೊತ್ತಿರೋದು ಅಷ್ಟೇ. ಬಿಸಿಲು ಬೀಳದ ಗೋಡೆಗೆ ಹಾಕಿ. ಏನಾದ್ರೂ ಬದಲಾವಣೆ ಕಂಡ್ರೆ ಬಂದು ಹೇಳಿ."

"ಹೇಳಿದ್ರೆ ಬೈಯಲ್ವಾ?"

"ಬೈದ್ರೂ ಹೇಳಿ," ಎಂದಳು.

ಡಾಕ್ಟರು ನಗಲಿಲ್ಲ. ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡ. ನಾಳೆ ಸಂಜೆ ಆರಕ್ಕೆ ಬರುತ್ತೇನೆ, ಅಷ್ಟರಲ್ಲಿ ಆಗಿರಬೇಕು ಎಂದು ಹೇಳಿ ಹೊರಟ. ಬೂದಕ್ಕ ಪರದೆ ಸರಿಸಿ ಒಳಗೆ ಹೋದಳು. ಕಾಗದದ ಹಾಳೆಯೊಂದನ್ನು ತೆಗೆದು, ಮೃದುವಾದ ಬ್ರಶ್ಶಿನಿಂದ ಧೂಳು ಝಾಡಿಸಿ, ಮೆಷಿನ್ನಿಗೆ ಕೊಟ್ಟಳು.